ಹತ್ತು ಮಡಿಕೆಯ ಕೊಸರು

ನಮ್ಮೂರಿನ ದಾರಕ್ಕೆ ಕಿವಿಯಿದೆ. ಗಂಜಿ ಹಚ್ಚಿ, ಇನ್ನೂ ಹಸಿಯಿರುವಾಗಲೇ ಬಾಯಿಯ ಮುಂದೆ ಹಿಡಿದು ಮಾತಾಡಿದರೆ ಅದು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡದ್ದನ್ನು ತನ್ನ ಮೈಮೇಲೆ ತಾನೇ ಸಣ್ಣ ಸಣ್ಣ ಗಂಟು ಹಾಕಿಕೊಂಡು ಇಟ್ಟುಕೊಳ್ಳುತ್ತದೆ. ಒಣಗಿದ ಮೇಲೆ ಎರಡು ಬೆರಳ ನಡುವೆ ಹಿಡಿದು ಕಿವಿಯ ಹತ್ತಿರ ಮೆಲ್ಲಗೆ ಎಳೆದರೆ, ಆಡಿದವರ ದನಿಯಲ್ಲೇ ಆಡಿದ ಮಾತು ಕೇಳುತ್ತದೆ. ಉಪ್ಪಿನಕಾಯಿಗೆ ಉಪ್ಪೆಷ್ಟು ಎಂಬುದರಿಂದ ಹಿಡಿದು ಯಾರು ಯಾರಿಗೆ ಏನೆಂದು ಮಾತು ಕೊಟ್ಟರು ಎಂಬುದರವರೆಗೆ ನಮ್ಮಲ್ಲಿ ಎಲ್ಲವೂ ದಾರದ ಮೇಲೇ ಇರುವುದು. ಹಾಗಾಗಿ ನಮ್ಮೂರ ಜನ ಜಗಳಕ್ಕೆ ನಿಂತಾಗಲೂ ಸುತ್ತಮುತ್ತ ಹಸಿ ದಾರ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ ಆಮೇಲೆ ಬೈಯಲು ಬಾಯಿ ತೆಗೆಯುತ್ತಾರೆ.

ದಾರಕ್ಕೆ ಬರುವುದು ಎರಡೇ ವಿದ್ಯೆ. ಒಂದು ಜಾಗದಲ್ಲಿ ಗಂಟು ಹಾಕಿಕೊಳ್ಳುತ್ತದೆ, ಇಲ್ಲವೆ ಹಾಕಿಕೊಳ್ಳದೆ ಬಿಡುತ್ತದೆ. ಆ ಜಾಗಕ್ಕೆ ನಾವು ಮನೆ ಎನ್ನುತ್ತೇವೆ. ಎಂಟು ಮನೆ ಸೇರಿದರೆ ಒಂದು ಅಕ್ಷರ. ಮನೆಗಳನ್ನು ಎಣಿಸುತ್ತ ಕೂತರೆ ಕಣ್ಣು ಹೋಗುತ್ತವೆಂದು ಹಿರಿಯರು ನಮಗೆ ಎಣಿಸುವುದನ್ನು ಕಲಿಸದೆ ಮಡಿಚುವುದನ್ನು ಕಲಿಸಿದ್ದರು. ದಾರದ ಎರಡು ತುದಿ ಸೇರಿಸಿದರೆ ಒಂದು ಮಡಿಕೆ, ಅದನ್ನು ಮತ್ತೆ ಅರ್ಧಕ್ಕೆ ಮಡಿಚಿದರೆ ಎರಡು. ಹೀಗೆ ಹತ್ತು ಮಡಿಕೆಯಾದಾಗ ದಾರ ಒಂದೇ ಮನೆಯಷ್ಟು, ಅಂದರೆ ಉಗುರಿನಷ್ಟು ಉದ್ದದ ದಪ್ಪ ಕಟ್ಟಾಗಿ ಕೈಯಲ್ಲಿ ಕೂರುತ್ತದೆ. ಅದು ಒಂದು ಲಡಿ. ಅಂಥ ಲಡಿಗಳನ್ನೇ ಜೋಡಿಜೋಡಿಯಾಗಿ ಸೇರಿಸುತ್ತ ಮತ್ತೆ ಹತ್ತು ಸಲ ಇಮ್ಮಡಿ ಮಾಡಿದರೆ ಒಂದು ಸುರುಳಿ. ಲಡಿಯಲ್ಲಿ ಎಷ್ಟು ಮನೆ ಎಂದು ಯಾರಾದರೂ ಕೇಳಿದರೆ ಸಾವಿರ ಎಂದು ಬಾಯಿಗೆ ಬಂದಂತೆ ಹೇಳುತ್ತಿದ್ದೆವು. ಎಣಿಸಿದವರು ಯಾರೂ ಇರಲಿಲ್ಲ.

ಇನ್ನೊಂದು ರೂಢಿ. ಪ್ರತಿ ಲಡಿಯ ಕೊನೆಯಲ್ಲಿ ಮಾತಾಡಿದವರು ತಮ್ಮ ಹೆಸರು ಹೇಳಬೇಕು. ಅದಕ್ಕೆಂದು ಉಳಿಯುವುದು ಮೂರೇ ಅಕ್ಷರದ ಜಾಗ, ಹಾಗಾಗಿ ನಮ್ಮೂರಿನಲ್ಲಿ ಎಲ್ಲರ ಹೆಸರೂ ಮೂರಕ್ಷರ. ನಾನು ತುಂಗವ್ವ. ನಮ್ಮವ್ವ ಕೆಂಚವ್ವ. ಊರ ಗೌಡ ಬಾಳಪ್ಪ. ನಾಲ್ಕಕ್ಷರದ ಸೊಸೆ ಬಂದರೆ ಹೊಸ್ತಿಲು ದಾಟುವ ಮೊದಲೇ ಒಂದಕ್ಷರ ಉದುರಿಸಿ ಒಳಗೆ ಕರೆದುಕೊಳ್ಳುತ್ತೇವೆ. ಹೆಸರಿಲ್ಲದ ಲಡಿಗೆ ಊರಲ್ಲಿ ಜಾಗವಿಲ್ಲ. ಅದನ್ನು ಹಂಡೆಯಲ್ಲಿ ಕುದಿಸಿ, ಗಂಟು ಬಿಡಿಸಿ, ಬೇರೆಯವರ ಮಾತಿಗೆ ಬಳಸುತ್ತಾರೆ. ಮನೆಯಲ್ಲಿ ಬಚ್ಚಿಟ್ಟುಕೊಳ್ಳೋಣವೆಂದರೆ ಅದೂ ಆಗದು, ಒಲೆಯ ಹೊಗೆ ತಾಕಿದ ದಾರ ಮಳೆಗಾಲ ಕಳೆಯುವುದರೊಳಗೆ ಮೂಕಾಗುತ್ತದೆ. ಆದ್ದರಿಂದ ಎಲ್ಲರ ಲಡಿಗಳೂ ಊರ ಉಗ್ರಾಣದಲ್ಲಿ, ಬೇವಿನ ಗೂಟಗಳ ಮೇಲೆ ತೂಗುತ್ತವೆ.

ಅಲ್ಲಿ ನನ್ನದೂ ಒಂದು ಲಡಿಯಿತ್ತು. ಐದು ವರ್ಷದವಳಿದ್ದಾಗ ಅವ್ವ ಗಂಜಿಯ ಪಾತ್ರೆಯ ಪಕ್ಕದಲ್ಲೇ ನನ್ನನ್ನು ಕೂರಿಸಿಕೊಂಡು ಆಡಿಸಿದ ಮಾತು. ನಮ್ಮ ಕೋಳಿ ಛಾವಣಿ ಹತ್ತಿ ಇಳಿಯಲು ಬಾರದೆ ಅಳುತ್ತಿತ್ತು, ನಾನು ಇಳಿ ಅಂದೆ, ಇಳಿಯಿತು ಎಂಬಷ್ಟೇ ಸಂಗತಿ. ಮರುವರ್ಷ ಬಂದ ಜ್ವರ ಹೋಗುವಾಗ ನನ್ನ ದನಿಯನ್ನೂ ಒಯ್ದಿತು. ಈಗ ನನಗೆ ಮೂವತ್ತು ದಾಟಿದೆ. ಮಾತಿಲ್ಲ, ಕಿವಿ ಚೆನ್ನಾಗಿದೆ, ಸಿಟ್ಟು ಅದಕ್ಕಿಂತ ಚೆನ್ನಾಗಿದೆ. ಅವ್ವ ಪ್ರತಿ ಸಂತೆಯ ದಿನ ಉಗ್ರಾಣಕ್ಕೆ ಹೋಗಿ ಆ ಲಡಿಯನ್ನು ಒಂದೇ ಒಂದು ಸಲ ಕಿವಿಗೆ ಹಚ್ಚಿ ಎಳೆದು, ಮತ್ತೆ ಗೂಟಕ್ಕೆ ಹಾಕಿ ಬರುತ್ತಿದ್ದಳು. ಬಂದ ಮೇಲೆ ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಿರಲಿಲ್ಲ. ಎದುರಿಗೆ ನಾನು ಎತ್ತಿನಂತೆ ದುಡಿಯುತ್ತಿರುವಾಗ ಆ ಐದು ವರ್ಷದವಳನ್ನು ಕಾಣಲು ಹೋಗುತ್ತಾಳಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹಾಗಂತ ಆ ಲಡಿ ಇಲ್ಲದ ಊರಲ್ಲಿ ಬದುಕುವುದು ನನ್ನಿಂದಲೂ ಆಗುತ್ತಿರಲಿಲ್ಲ. ಅಲ್ಲಿದ್ದದ್ದು ಕೋಳಿಯ ಮಾತಲ್ಲ, ನಾನು.

ಹಳೆಯ ಉಗ್ರಾಣದ ಸೂರು ಸೋರತೊಡಗಿದ್ದರಿಂದ ಊರವರು ಹೊಸದೊಂದನ್ನು ಕಟ್ಟಿಸಿದರು. ಅದನ್ನು ನೋಡಿಕೊಳ್ಳಲು ಹೊರಗಿನಿಂದ ಸಿದ್ಧರಾಮೇಶ್ವರಯ್ಯ ಎಂಬವರು ಬಂದರು. ನಾವು ಅಂದೇ ಸಂಜೆಯೊಳಗೆ ಅವರನ್ನು ಸಿದ್ರಾಮ ಮಾಡಿದೆವು. ಒಳ್ಳೆಯ ಮನುಷ್ಯ, ಕೆಲಸಗಾರ, ಒಂದು ನಿಮಿಷ ಸುಮ್ಮನೆ ಕೂರುವವರಲ್ಲ. ಅವರ ಜೊತೆ ಒಂದು ಚಕ್ರ ಬಂದಿತ್ತು. ಅದಕ್ಕೆ ನೂರು ಹಲ್ಲು, ಹತ್ತು ಸುತ್ತು ತಿರುಗಿದರೆ ಸಾವಿರ ಮನೆ. ಸಾವಿರ ತುಂಬಿದೊಡನೆ ಒಂದು ಸಣ್ಣ ಬ್ಲೇಡು ಬಿದ್ದು ದಾರ ಕತ್ತರಿಸುತ್ತದೆ. ಹೊಸ ಉಗ್ರಾಣದ ಗೂಟಗಳನ್ನೂ ಸಾವಿರದ ಅಳತೆಗೇ ಮಾಡಿಸಿದ್ದರು, ಹಳೆಯ ಲಡಿಗಳೆಲ್ಲ ಚಕ್ರ ಹಾಯ್ದೇ ಅಲ್ಲಿ ತೂಗಬೇಕಿತ್ತು. ಚಾವಡಿಯಲ್ಲಿ ಗಂಟಿಲ್ಲದ ಬರಿಯ ದಾರವನ್ನು ಹತ್ತು ಮಡಿಕೆ ಮಾಡಿಸಿ ಚಕ್ರಕ್ಕೆ ಕೊಟ್ಟು ತೋರಿಸಿದರು. ಸಾವಿರಕ್ಕೆ ಬ್ಲೇಡು ಬಿತ್ತು. ಸುಮಾರು ಗೇಣುದ್ದದ ಒಂದು ಬಾಲ ನೆಲಕ್ಕೆ ಉದುರಿತು.

ಎಲ್ಲರೂ ಚಕ್ರ ನೋಡುತ್ತಿದ್ದರು. ಅವ್ವ ಮಾತ್ರ ನೆಲ ನೋಡಿದಳು.

“ಇದೇನ್ರಿ ಸಾಹೇಬ್ರ, ಕೆಳಗ ಬಿತ್ತಲ್ಲ?”

“ಇಪ್ಪತ್ತನಾಲ್ಕು ಮನೆ ಅಮ್ಮ. ನಿಮ್ಮ ಮಡಿಕೆಯ ಅಳತೆಯಲ್ಲಿ ಅಷ್ಟು ಹೆಚ್ಚಿಗೆ ಬರುತ್ತೆ. ಹಗ್ಗ ಕೊಂಡಾಗ ಗಂಟು ಕಟ್ಟೋಕೆ ಅಂತ ತುದಿಯಲ್ಲಿ ಒಂದಿಷ್ಟು ಬಿಡ್ತಾರಲ್ಲ, ಹಾಗೆ ಇದು ಕೊಸರು.”

“ಕೊಸರು ಅಂತ ಯಾರು ಹೇಳಿದ್ರಿ ನಿಮಗ?”

“ಯಾರು ಹೇಳಬೇಕಮ್ಮ? ಮನುಷ್ಯನಿಗೆ ಬೆರಳು ಹತ್ತು. ಲೆಕ್ಕ ಹತ್ತು, ನೂರು, ಸಾವಿರ ಅಂತಲೇ ಹೋಗೋದು.”

“ಬೆರಳು ಹತ್ತು ಇರಬಹುದ್ರಿ. ದಾರಕ್ಕ ತುದಿ ಎರಡ ಅದಾವು.”

ಜನ ನಕ್ಕರು. ಬಾಳಪ್ಪಗೌಡರು ತಮ್ಮ ರುಮಾಲು ಸರಿಮಾಡಿಕೊಳ್ಳುತ್ತ, “ಕೆಂಚವ್ವ, ಸಾವಿರದಾಗ ಇಪ್ಪತ್ನಾಕು ಏನು ದೊಡ್ಡದು? ಊರಾಗ ಒಂದ ಒಳ್ಳೇ ಕೆಲಸ ಆಗೂ ಮುಂದ ಹಿಂಗ ಅಡ್ಡಗಾಲು ಹಾಕಬ್ಯಾಡ” ಅಂದರು.

“ಅಡ್ಡಗಾಲು ಹಾಕಂಗಿಲ್ಲ ಗೌಡ್ರ. ನಮ್ಮ ತುಂಗಿ ಲಡಿ ಒಂದು ಚಕ್ರಕ್ಕ ಕೊಡಬ್ಯಾಡ್ರಿ. ಉಳಿದದ್ದು ನಿಮ್ಮಿಷ್ಟ.”

ಅವ್ವನಿಗೆ ಏನಾದರೂ ಗೊತ್ತಿತ್ತೆಂದಲ್ಲ. ಹೆಸರು ಆ ಬಾಲದಲ್ಲೇ ಕೂತಿದೆ ಎಂಬುದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸಾವಿರ ಎಂದರೆ ಹತ್ತು ಮಡಿಕೆ, ಹತ್ತು ಮಡಿಕೆ ಎಂದರೆ ಸಾವಿರ ಎಂದು ಬೆಳೆದ ತಲೆಗಳು ನಮ್ಮವು. ಅವಳದು ಬರಿಯ ಹಟ. ತನ್ನದಕ್ಕೆ ಬ್ಲೇಡು ಸೋಕಬಾರದು, ಅಷ್ಟೆ. ಸಿದ್ರಾಮರು ಆಗಲೆಂದು ಒಪ್ಪಿ, ತುಂಗವ್ವನ ಲಡಿ ಬಂದರೆ ಬೇರೆ ಎತ್ತಿಡಿ ಎಂದು ಆಳುಗಳಿಗೆ ನಮ್ಮೆದುರಿಗೇ ಹೇಳಿದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲವೇ ಅಲ್ಲ. ಆದರೆ ಲಡಿ ಯಾರದೆಂದು ತಿಳಿಯುವುದು ಹೇಗೆ? ಕಿವಿಗೆ ಹಚ್ಚಿ ಕೊನೆಯವರೆಗೆ ಎಳೆಯಬೇಕು, ಹೆಸರು ಬರುವುದು ಕಟ್ಟಕಡೆಗೆ. ಆಳುಗಳು ಚಕ್ರ ತಿರುಗುವಾಗಲೇ ಕಿವಿಗೊಟ್ಟು ಕಾದರು. ಪ್ರತಿ ಲಡಿಯಲ್ಲೂ ಹೆಸರು ಬರುವ ಮೊದಲೇ ಬ್ಲೇಡು ಬಿತ್ತು. ಕಾದದ್ದೂ ಸರಿ, ಕತ್ತರಿಸಿದ್ದೂ ಸರಿ. ಹೀಗೆ ಸಾಗಣೆಯ ಮೊದಲ ದಿನವೇ ನನ್ನ ಕೋಳಿಯ ಕಥೆ ಹೆಸರಿಲ್ಲದೆ ಹೊಸ ಗೂಟ ಹತ್ತಿತು.

ವಿಷಯ ಬಯಲಾದದ್ದು ಸಂತೆಯ ದಿನ. ಅವ್ವನೂ ನಾನೂ ಹೊಸ ಉಗ್ರಾಣಕ್ಕೆ ಹೋದಾಗ ಪಕ್ಕದ ಓಣಿಯ ಸಂಗವ್ವ ಬಾಗಿಲಲ್ಲೇ ನಿಂತು ಕೂಗಾಡುತ್ತಿದ್ದಳು. ಅತ್ತೆಯ ಉಪ್ಪಿನಕಾಯಿಯ ಲಡಿ ಕೇಳಿದರೆ ಯಾವುದೋ ಮುದುಕನ ಕೆಮ್ಮು ಕೊಟ್ಟಿದ್ದರು. ಒಳಗೆ ಸಿದ್ರಾಮರು ಒಂದರ ಮೇಲೊಂದು ಲಡಿ ಎಳೆಯುತ್ತಿದ್ದರು. ಎಲ್ಲವೂ ಮಾತಾಡುತ್ತಿದ್ದವು, ಒಂದೂ ತಾನು ಯಾರೆಂದು ಹೇಳುತ್ತಿರಲಿಲ್ಲ. ಅವರ ಮುಖ ಗಂಜಿಯಷ್ಟು ಬಿಳಿಚಿತ್ತು.

“ಅಮ್ಮ, ಹೆಸರು ತುದಿಯಲ್ಲಿರುತ್ತೆ ಅಂತ ನನಗೆ ಯಾರೂ ಹೇಳಲಿಲ್ಲ” ಅಂದರು.

“ನೀವೂ ಕೇಳಲಿಲ್ರಿ. ನಾವೂ ಎಣಿಸಿರಲಿಲ್ಲ” ಅಂದಳು ಅವ್ವ. “ಆ ಬಾಲ ಎಲ್ಲಿ ಹಾಕೀರಿ?”

ಗೋಣಿಚೀಲಗಳಲ್ಲಿ ತುಂಬಿ ಹಿತ್ತಿಲಲ್ಲಿ ಇಟ್ಟಿದ್ದರು. ಅವ್ವ ಸೆರಗು ಸಿಕ್ಕಿಸಿ, ಒಂದು ಚೀಲ ಅಂಗಳದಲ್ಲಿ ಸುರುವಿ ಅದರ ಮುಂದೆ ಕೂತಳು. ಮೊದಲ ಬಾಲ ಎತ್ತಿ ಎಳೆದಳು. “ಈರಪ್ಪ” ಎಂದಿತು. ಎರಡನೆಯದು, “ದುರ್ಗವ್ವ”. ಸತ್ತು ಎಷ್ಟೋ ವರ್ಷವಾದ ದುರ್ಗವ್ವ ತನ್ನ ಗೊಗ್ಗರು ದನಿಯಲ್ಲಿ ಹೆಸರು ಹೇಳಿದ್ದನ್ನು ಕೇಳಿ ಸಂಗವ್ವನ ಕೂಗಾಟ ನಿಂತುಹೋಯಿತು. ಅದು ಅವಳ ಅತ್ತೆ. ಸಂಗವ್ವ ಬಂದು ಅವ್ವನ ಪಕ್ಕ ಕೂತು ತಾನೂ ಒಂದು ಬಾಲ ಎತ್ತಿಕೊಂಡಳು.

ಅಂದಿನಿಂದ ಅಂಗಳವೇ ಊರಾಯಿತು. ಮಗ್ಗ ನಿಂತವು. ಒಂದು ಕಡೆ ಹೆಸರುಗಳ ರಾಶಿ, ಇನ್ನೊಂದು ಕಡೆ ಮಾತುಗಳ ರಾಶಿ. ಇದರ ದನಿ ಅದಕ್ಕೆ ಹೊಂದಿದರೆ ಅವ್ವ ಗಂಜಿ ಹಚ್ಚಿ ಎರಡು ತುದಿ ಸೇರಿಸಿ ಹೊಸೆಯುತ್ತಿದ್ದಳು. ಅವಳ ಜೀವಮಾನದ ಕೆಲಸವೇ ಗಂಜಿ ಹಚ್ಚುವುದು, ಕೈ ತಪ್ಪುತ್ತಿರಲಿಲ್ಲ. ನಾನು ಇನ್ನೊಂದು ಕೆಲಸಕ್ಕೆ ಬಂದೆ. ಮಾತಿಲ್ಲದವಳಾದ್ದರಿಂದ ಚಿಕ್ಕಂದಿನಿಂದ ದಾರವನ್ನು ಕಿವಿಗಿಂತ ಬೆರಳಿನಿಂದಲೇ ಹೆಚ್ಚು ಓದಿದ್ದೆ. ಹಿಂದೆ ಮನೆಯಲ್ಲಿದ್ದಾಗ ಹೊಗೆ ತಾಕಿ ಮೂಕಾದ ಬಾಲಗಳನ್ನು ಸವರಿ ನೋಡಿ ಯಾರದೆಂದು ಕೈಸನ್ನೆಯಲ್ಲಿ ತೋರಿಸುತ್ತಿದ್ದೆ. ಸಿದ್ರಾಮರು ಮನೆಗೇ ಹೋಗಲಿಲ್ಲ, ಬಂದವರಿಗೆ ನೀರು ಕೊಟ್ಟರು, ಬೈಸಿಕೊಂಡರು, ಬಾಲ ಎಳೆದರು. ತಮ್ಮ ಸ್ವಂತ ಹೆಸರು ಸಿಕ್ಕವರಂತೂ ಅದನ್ನು ಎರಡೆರಡು ಸಲ ಎಳೆದು ಕೇಳಿ, ಯಾರೋ ಹೊಗಳಿದ ಹಾಗೆ ನಾಚಿಕೊಳ್ಳುತ್ತಿದ್ದರು.

ಗೌಡರು ಮೊದಲು ಅಂಗಳಕ್ಕೆ ಬರಲಿಲ್ಲ. ಸಣ್ಣ ಜನರ ಸಣ್ಣ ಲಡಿಗಳ ಗಲಾಟೆ ಎಂದು ದೂರವೇ ಇದ್ದರು. ಆದರೆ ಕಾಲುವೆಗೆ ನೀರು ಬಿಡುವ ಹೊತ್ತು ಬಂತು. ಯಾವ ಹೊಲಕ್ಕೆ ಯಾವಾಗ ನೀರು ಎಂದು ಹಿರಿಯರು ಒಪ್ಪಿ ಆಡಿದ ಮಾತು ಒಂದು ದೊಡ್ಡ ಸುರುಳಿಯಲ್ಲಿತ್ತು. ತೆಗೆಸಿ ಕೇಳಿದರೆ ಮೇಲಿನ ಹೊಲಗಳೆಲ್ಲ ಇವೆ, ಕೊನೆಗೆ ಬರಬೇಕಾದ ಕೆಳಗಿನವು ಇಲ್ಲ. ಗೌಡರ ಹೊಲ ಕೆಳಗಿನದು. ಚಕ್ರದವರು ಸುರುಳಿಯನ್ನೂ ಸಾವಿರ ಸಾವಿರಕ್ಕೆ ತುಂಡರಿಸಿದ್ದರು. ಲಡಿಯಲ್ಲಿ ಸಾವಿರಕ್ಕೆ ಇಪ್ಪತ್ತನಾಲ್ಕು ಮನೆ ಹೋದರೆ, ಸುರುಳಿಯಲ್ಲಿ ಲಡಿಗಳೂ ಸಾವಿರಕ್ಕೆ ಇಪ್ಪತ್ತನಾಲ್ಕು ಹೋಗಿದ್ದವು. ಎರಡೂ ಸೇರಿ ಹತ್ತು ಲಕ್ಷಕ್ಕೆ ನಲವತ್ತೆಂಟು ಸಾವಿರ ಮನೆಗಳ ಮೇಲೆ ಮಾತು ಚೀಲ ಸೇರಿತ್ತು. ಅಳತೆ ದೊಡ್ಡದಾದಷ್ಟೂ ಕೊಸರು ಹೊಟ್ಟೆ ಬಿಡುತ್ತಿತ್ತು. ಗೌಡರು ಅಂದೇ ಅಂಗಳಕ್ಕೆ ಬಂದು, ಧೋತರ ಎತ್ತಿಕಟ್ಟಿ, ಒಂದು ಮೂಲೆಯಲ್ಲಿ ಬಾಲ ಎಳೆಯುತ್ತ ಕೂತರು.

ಚಾವಡಿಯ ತೀರ್ಮಾನ ಆಮೇಲೆ ಸುಲಭವಾಯಿತು. ಚಕ್ರ ಇರಲಿ, ಹೊರಗೆ ಮಾರುವ ಬರಿಯ ದಾರಕ್ಕೆ ಅದೇ ವಾಸಿ, ಅದರ ಅಳತೆಗೆ ಸಾವಿರ ಎಂದೇ ಹೆಸರು. ಮಾತಿನ ದಾರ ಮಡಿಕೆಯ ಅಳತೆಯಲ್ಲೇ ಇರಬೇಕು, ಅದಕ್ಕೆ ಇನ್ನು ಮುಂದೆ ಹತ್ಮಡಿ ಎನ್ನಬೇಕು, ಸಾವಿರ ಎಂದವರು ಉಗ್ರಾಣದ ಅಂಗಳ ಗುಡಿಸಬೇಕು. ಹತ್ಮಡಿ ಎಂಬ ಮಾತಿಗೆ ಜನ ಬಿದ್ದುಬಿದ್ದು ನಕ್ಕರು, ಆಮೇಲೆ ಅದರ ಅಭ್ಯಾಸವಿಲ್ಲದೆ ಬಾಯಿತಪ್ಪಿ ಸಾವಿರ ಎಂದು ಅಂಗಳ ಗುಡಿಸಿದರು. ಸಿದ್ರಾಮರು ಗೂಟಗಳನ್ನೆಲ್ಲ ಕೀಳಿಸಿ ಉದ್ದ ಮಾಡಿಸಿದರು.

ಅಷ್ಟರಲ್ಲಿ ಚೀಲಗಳೆಲ್ಲ ಬರಿದಾಗಿದ್ದವು. ನನ್ನ ಬಾಲ ಸಿಗಲಿಲ್ಲ.

ಅವ್ವ ಚೀಲಗಳನ್ನು ಒಳಹೊರಗು ಮಾಡಿ ಜಾಡಿಸಿದಳು. ಹಿತ್ತಿಲ ಕಸ ಕೆದಕಿದಳು. ಸಿದ್ರಾಮರು ಕೈಕಟ್ಟಿ ಎದುರಿಗೆ ಬಂದು ನಿಂತರು.

“ಮೊದಲ ದಿನದ್ದು ಒಂದು ಸಣ್ಣ ಚೀಲ ಇತ್ತಮ್ಮ. ಆಳುಗಳು ಕಸ ಅಂದುಕೊಂಡು ಹಂಡೆ ಒಲೆಗೆ ಹಾಕಿಬಿಟ್ಟಿದ್ದಾರೆ. ಇವತ್ತು ಗೊತ್ತಾಯ್ತು.”

ಅವ್ವ ಅಳಲಿಲ್ಲ. ಗೂಟದಿಂದ ಗೂಟಕ್ಕೆ ಹೋಗಿ ಉಳಿದ ಲಡಿಗಳನ್ನು ಎಳೆದು ನೋಡಿ, ಕೋಳಿ ಛಾವಣಿ ಹತ್ತಿದ ಲಡಿಯನ್ನು ಹುಡುಕಿ ತೆಗೆದು ಎದೆಗೆ ಒತ್ತಿಕೊಂಡು ಚಾವಡಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ಆ ದಿನ ಬಾಲ ಸಿಗದ ಲಡಿಗಳ ವಿಚಾರಣೆ ಇತ್ತು. ಬದುಕಿದ್ದವರು ಬಂದು ಹಸಿ ದಾರದ ಮುಂದೆ ಹೆಸರು ಹೇಳಿ ಹೋಗುತ್ತಿದ್ದರು. ಹೇಳುವವರಿಲ್ಲದವು ಹಂಡೆಗೆ.

“ತುಂಗವ್ವನ ಲಡಿ ಇದು. ಎಲ್ಲಾರೂ ಬಲ್ಲಿರಿ” ಅಂದಳು ಅವ್ವ.

“ಬಲ್ಲೆವು ತಂಗಿ. ಆದ್ರ ಬಲ್ಲೆವು ಅಂದ್ರ ಸಾಲಂಗಿಲ್ಲ. ಹಿಂಗ ಬಲ್ಲೆವು ಬಲ್ಲೆವು ಅಂದಕೋಂತ ನಾಳೆ ಒಬ್ಬರ ಮಾತು ಇನ್ನೊಬ್ಬರು ಹೊಡಕೊಂಡಾರು. ಆಡಿದವರ ಹೆಸರು ಹೇಳಬೇಕು.” ಗೌಡರ ದನಿ ಮೆತ್ತಗಿತ್ತು. ನಿಜವಾಗಿಯೂ ಅವರಿಗೆ ಕಷ್ಟವಾಗುತ್ತಿತ್ತು.

“ಆಡಿದಾಕಿ ಇಲ್ಲೇ ನಿಂತಾಳ.”

“ನಿಂತಾಳ. ಹೇಳಾಕ ಬಾಯಿ ಇಲ್ಲಲ್ಲ ಕೆಂಚವ್ವ.”

ಸಿಟ್ಟಿನಿಂದ ನನ್ನ ಕಿವಿ ಸುಡತೊಡಗಿದವು. ಅವ್ವನ ಸೊಂಟದಲ್ಲಿ ಯಾವಾಗಲೂ ಇರುವ ದಾರದ ಉಂಡೆಯನ್ನು ಕಿತ್ತುಕೊಂಡೆ. ತುದಿ ಹಿಡಿದು ಮೂರು ಮಡಿಕೆ ಮಾಡಿದೆ, ಎಂಟು ಮನೆ, ಒಂದಕ್ಷರ. ಅಂಥ ಮೂರು ಹಾಕಿ ಹರಿದೆ. ನೆಲದ ಮೇಲೆ ಕೂತು ಮೊದಲ ಮನೆಗೆ ಕೈಯಿಂದ ಗಂಟು ಬಿಗಿದೆ.

ಚಾವಡಿಯಲ್ಲಿ ಗುಸುಗುಸು ಎದ್ದಿತು. ಮಾತಿನ ದಾರಕ್ಕೆ ಕೈಯಿಂದ ಗಂಟು ಹಾಕುವುದು ನಮ್ಮೂರಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಆಡದ ಮಾತನ್ನು ಆಡಿದಂತೆ ಮಾಡುವ ಕೆಲಸ ಅದು. ಗೌಡರು ಎದ್ದು ನಿಂತರು.

“ಏ ತುಂಗಿ, ಕೈಗಂಟು ಬ್ಯಾಡ! ಅದು ಸುಳ್ಳು!”

ಅವ್ವ ನನ್ನ ಮುಂದೆ ಬಂದು ಅಡ್ಡ ನಿಂತಳು. ಐದಡಿಯೂ ಇಲ್ಲದ ಹೆಂಗಸು. ಅವಳ ಹಿಂದೆ ನನಗೆ ಚಾವಡಿಯೇ ಕಾಣಲಿಲ್ಲ.

“ಇನ್ನೊಬ್ಬರ ಬಾಯಾಗ ಮಾತು ಇಟ್ಟರ ಸುಳ್ಳು ಗೌಡ್ರ. ತನ್ನ ಹೆಸರು ತಾ ಹಾಕಿಕೊಂಡ್ರ ಹೆಂಗ ಸುಳ್ಳಾಗ್ತೈತಿ? ನಿಮಗ ಬಾಯಿ ಇತ್ತು, ಬಾಯಿಲೆ ಹೇಳಿದ್ರಿ. ಅಕಿಗೆ ಕೈ ಅದಾವು, ಕೈಲೆ ಹೇಳ್ತಾಳ. ಮುಗಿಯೂತನಕ ಒಬ್ಬರೂ ಮುಂದ ಬರಬ್ಯಾಡ್ರಿ.”

ಯಾರೂ ಬರಲಿಲ್ಲ. ಸಿದ್ರಾಮರು ಮೆಲ್ಲಗೆ ಎದ್ದು ಬಂದು ಅವ್ವನ ಪಕ್ಕದಲ್ಲಿ ತಾವೂ ನಿಂತುಕೊಂಡರು. ನಾನು ಗಂಟು ಹಾಕಿದೆ, ಬಿಟ್ಟೆ, ಹಾಕಿದೆ. ಮೊದಲ ಅಕ್ಷರ ಸರಿಯಾಗಿ ಬಂತು. ಎರಡನೆಯದರಲ್ಲಿ ಒಂದು ಗಂಟು ತಪ್ಪಿ, ಹಲ್ಲಿನಿಂದ ಬಿಡಿಸಿ ಮತ್ತೆ ಹಾಕಿದೆ. ಮೂರನೆಯದನ್ನು ಗಂಟುಗಂಟಿಗೂ ಸವರಿ ನೋಡುತ್ತ ಹಾಕಿದೆ. ಕೈಗಂಟಿನ ದಾರ ಮಾತಾಡುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬಾಯಿದ್ದವರಿಗೆ ಅದನ್ನು ತಿಳಿಯುವ ದರ್ದು ಎಂದೂ ಬಂದಿರಲಿಲ್ಲ. ಮುಗಿಸಿ ಅವ್ವನ ಕೈಗೆ ಕೊಟ್ಟೆ. ಅವಳು ಗಂಜಿ ಹಚ್ಚಿ, ಲಡಿಯ ಕತ್ತರಿಸಿದ ತುದಿಗೆ ಸೇರಿಸಿ ಹೊಸೆದು, ಒಣಗುವವರೆಗೆ ಬಿಸಿಲಿಗೆ ಹಿಡಿದು ನಿಂತಳು. ಬಾಳಪ್ಪಗೌಡರೇ ಇಸಿದುಕೊಂಡು ಹತ್ತು ಸಲ ಮಡಿಚಿ ನೋಡಿದರು. ತುದಿಗೆ ತುದಿ ಕೂಡಿತು.

ಅವ್ವ ಲಡಿ ಬಿಡಿಸಿ ಕಿವಿಗೆ ಹಚ್ಚಿ ಎಳೆಯತೊಡಗಿದಳು. ಪಕ್ಕದವರಿಗೂ ಕೇಳುವಷ್ಟು ಚಾವಡಿ ಸುಮ್ಮನಾಗಿತ್ತು. ಕೋಳಿ ಛಾವಣಿ ಹತ್ತಿತು, ಅತ್ತಿತು. ಐದು ವರ್ಷದವಳು ಇಳಿ ಅಂದಳು, ಇಳಿಯಿತು. ಅವ್ವನ ತುಟಿಗಳು ಜೊತೆಗೇ ಆಡುತ್ತಿದ್ದವು, ಅವಳಿಗೆ ಅದೆಲ್ಲ ಬಾಯಿಪಾಠ. ಹೊಸೆದ ಜಾಗ ಬೆರಳಿಗೆ ಸಿಕ್ಕಾಗ ಅವಳು ಒಂದು ಕ್ಷಣ ನಿಂತಳು. ಆಮೇಲೆ ಎಳೆದಳು.

“ತುಂಗವ್ವ.”

ದಪ್ಪ ದನಿ, ಒಂಚೂರು ಒಡಕು, ಯಾರಿಗೂ ಅಂಜದೆ ನಿಧಾನವಾಗಿ ಹೇಳಿದ ಹೆಂಗಸಿನ ದನಿ. ಯಾರು ಕರೆದರೆಂದು ನಾನು ಹಿಂತಿರುಗಿ ನೋಡಿದೆ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಅವ್ವ ಇನ್ನೊಮ್ಮೆ ಎಳೆಯಲಿಲ್ಲ. ಕೈಯಲ್ಲಿದ್ದ ಲಡಿಯನ್ನು ಸಿದ್ರಾಮರಿಗೆ ಕೊಟ್ಟುಬಿಟ್ಟಳು. ನನ್ನ ಎರಡೂ ಕೆನ್ನೆ ಹಿಡಿದು, ಸಂತೆಯ ದಿನಗಳಲ್ಲಿ ಒಮ್ಮೆಯೂ ನೋಡದಿದ್ದ ಹಾಗೆ ನನ್ನ ಮುಖ ನೋಡಿದಳು.

“ಎಷ್ಟ್ ದೊಡ್ಡಾಕಿ ಆಗೀಯಲ್ಲಬೇ ನೀ” ಅಂದಳು.